ಕಣ್ಣು ತೆರೆದು ನೋಡಿದ ಸಿನಿಮಾ

ಸವಣೂರು, ೧೯೮೬

ಅಕ್ಕಾ,

ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ನಿನಗೆ ಹೇಳದೆ ಇರಲಾಗಲಿಲ್ಲ.

ಇವತ್ತು ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋಗಿದ್ದೆ. ನಾವಿಬ್ಬರೂ ಶಿಗ್ಗಾಂವದ ಟೆಂಟಿನಲ್ಲಿ ಮೂರು ಸಲ ನೋಡಿದ್ದ ಆ ಹಡಗಿನ ಸಿನಿಮಾ ನಮ್ಮೂರಿಗೆ ಬಂದಿದೆ. ಸಮುದ್ರದ ರಾಕ್ಷಸ ಹಡಗು ಹತ್ತಿ ಒಬ್ಬೊಬ್ಬರನ್ನೇ ನುಂಗುವುದು. ಮೂರು ಸಲವೂ ನಾನು ನೋಡಿದ್ದು ಅರ್ಧ ಮಾತ್ರ. ಅದು ಬಾಯಿ ತೆರೆದ ಕೂಡಲೇ ಸೆರಗು ಮುಖಕ್ಕೆ ಹಾಕಿಕೊಳ್ಳುತ್ತಿದ್ದೆ. ನೀನು ಶೇಂಗಾ ಜಗಿಯುತ್ತ ಹೇಳುತ್ತಿದ್ದೆ: "ಕಾಲು ಹೋತು. ಈಗ ರುಂಡ. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಚೆಲ್ಲಿದಂಗ ಐತಿ ನೋಡ. ಹೂಂ, ಮುಗೀತು, ಕಣ್ಣ ತಗಿ, ತಂಗೀ." ನೀನು ಹೇಳುವವರೆಗೂ ನಾನು ತೆಗೆಯುತ್ತಿರಲಿಲ್ಲ.

ಇವತ್ತು ಸೆರಗಿಗೆ ಕೈ ಹಾಕಲಿಲ್ಲ. ರಾಕ್ಷಸನ ಹಲ್ಲು ಅಲುಗಾಡುತ್ತವೆ, ಅಕ್ಕಾ. ತುಂಡಾದ ಕಾಲು ರಬ್ಬರಿನದು. ಅದು ನುಂಗಿದ ಅಡುಗೆಯವನೇ ಮುಂದಿನ ದೃಶ್ಯದಲ್ಲಿ ಹಗ್ಗ ಎಳೆಯುತ್ತ ನಿಂತಿದ್ದಾನೆ. ನಾನು ಎಷ್ಟು ನಕ್ಕೆನೆಂದರೆ ಪಕ್ಕದಲ್ಲಿದ್ದ ಹೆಂಗಸು, "ಯಾಕವಾ, ಆರಾಮ ಅದೀ ಇಲ್ಲೋ?" ಎಂದಳು.

ಇಷ್ಟಕ್ಕೇ ಹೆದರಿದ್ದೆನಲ್ಲ ಎಂದುಕೊಂಡೆ. ಅಲ್ಲಿಗೆ ನಗು ನಿಂತುಹೋಯಿತು.

ಹೋದ ಆಷಾಢದಲ್ಲಿ ನಿನ್ನನ್ನು ಅಂಗಳದಲ್ಲಿ ಹೂವು ಹಾಕಿ ಕೂರಿಸಿದ್ದರು. "ಕಡೀಗೊಮ್ಮೆ ಅಕ್ಕನ ಮಾರಿ ನೋಡವಾ" ಎಂದು ಅವ್ವ ನನ್ನನ್ನು ಮುಂದೆ ತಂದಳು. ನಾನು ಸೆರಗು ಮುಖಕ್ಕೆ ಹಾಕಿಕೊಂಡು ನಿಂತೆ. ಅವರು ನಿನ್ನನ್ನು ಎತ್ತಿದರು, ಒಯ್ದರು. ಮುಗೀತು, ಕಣ್ಣ ತಗಿ ಎಂದು ನೀನು ಹೇಳುತ್ತೀಯೆಂದು ನಾನು ಕಾಯುತ್ತಲೇ ಇದ್ದೆ.