ಮಿಸುಕಾಡದ ಮಕ್ಕಳಿಗೆ

ಗದಗ,
ಫೆಬ್ರವರಿ ೩೦, ೨೧೮೭

ಬರುವ ಶನಿವಾರ ಶಾಲೆಯ ಸಭಾಂಗಣದ ಮಿದುಳು ಶಿಬಿರದಲ್ಲಿ ತಲೆಗೆ ಅಲೆ ಹಿಡಿಯುವ ಪಟ್ಟಿ ಕಟ್ಟಿಸಿಕೊಳ್ಳಲಿರುವ ಎಂಟನೆಯ ತರಗತಿಯ ಮಕ್ಕಳೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವು ಯಾವ ತಿಂಗಳಿಗೂ ಸೇರದ ರಜೆಗಳು. ಹಿಂದಿನವರಿಗೆ ಬರೆಯುವಾಗ ನಮ್ಮ ಮಾತು ವಿಚಿತ್ರವಾಗಿ ಕೇಳಿಸೀತೆಂದು ಮೊದಲೇ ಕ್ಷಮೆ ಕೇಳುವುದು ಇಲ್ಲಿಯ ವಾಡಿಕೆ. ನಾನು ಕೇಳುವುದಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿದೆ, ಕ್ಷಮೆ ಕೇಳುವ ಸರದಿ ಬೇರೆಯವರದು. ಈ ಹಾಳೆಯನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು; ಉತ್ತರ ತರುವುದಿಲ್ಲ.

ನನ್ನ ಹೆಸರು ಸಾವಂತ್ರಿ ಹೂಗಾರ. ಇಲ್ಲಿಯ ಶಾಲೆಯೊಂದರಲ್ಲಿ ಮಿದುಳುಪಾಠ ಹೇಳುತ್ತೇನೆ. ಶನಿವಾರ ನಿಮಗೆ ಹೇಳಿಕೊಡಲಿರುವುದನ್ನೇ ನಾನೂ ಪ್ರತಿವರ್ಷ ಮೊದಲ ದಿನ ಹೇಳುತ್ತೇನೆ: ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವಾಗ ತೀರ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಅದರ ಅಲೆಯನ್ನು ತಲೆಬುರುಡೆಯ ಹೊರಗಿನಿಂದಲೂ ಹಿಡಿಯಬಹುದು, ಹಿಡಿದ ಅಲೆಯನ್ನು ಯಂತ್ರಕ್ಕೆ ತೋರಿಸಿ ‘ಇದು ಇಂಥದ್ದು’ ಎಂದು ಕಲಿಸಿದರೆ ಮುಂದೆ ಅಂಥ ಅಲೆ ಕಂಡಾಗ ಅದು ಗುರುತಿಸುತ್ತದೆ. ಈ ವಿದ್ಯೆಯಿಂದ ಮಾತು ಬಿದ್ದುಹೋದವರು ಮತ್ತೆ ಮಾತಾಡಿದ್ದಾರೆ, ಕೈ ಸ್ವಾಧೀನವಿಲ್ಲದವರು ತಾವೇ ತುತ್ತು ಎತ್ತಿದ್ದಾರೆ. ನಾನು ಇದರ ಶತ್ರುವಲ್ಲ. ಇದರ ಅನ್ನವನ್ನೇ ಉಣ್ಣುತ್ತಿರುವವಳು.

ನಮ್ಮಲ್ಲಿ ಎಲ್ಲರ ಕಿವಿಯ ಹಿಂದೆ ಗಮನದೀಪ ಇರುತ್ತದೆ, ಜೋಳದ ಕಾಳಿನಷ್ಟು ಗಾತ್ರದ್ದು. ಎದುರಿನವರ ಮಾತನ್ನು ನೀವು ಲಕ್ಷ್ಯಗೊಟ್ಟು ಕೇಳುತ್ತಿದ್ದರೆ ಅದು ಹಸಿರಾಗಿ ಹತ್ತಬೇಕು. ಕೆಲಸಕ್ಕೆ ತೆಗೆದುಕೊಳ್ಳುವವರು ದೀಪ ನೋಡುತ್ತಾರೆ, ಹೆಣ್ಣು ನೋಡಲು ಬಂದವರು ದೀಪ ನೋಡುತ್ತಾರೆ. ಹೋದ ವರ್ಷ ನಮ್ಮ ಓಣಿಯ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮದುಮಗನ ದೀಪ ಆರಿತೆಂದು ಬೀಗರು ಬೀಗರು ಕೈಕೈ ಮಿಲಾಯಿಸಿದರು. ಪಾಪ, ಆ ಹುಡುಗನಿಗೆ ಹಸಿವಾಗಿತ್ತು. ಭಜನೆಗೆ ಕೂತ ಮುದುಕಿಯರು ಸೆರಗು ಎಳೆದುಕೊಂಡು ದೀಪ ಮುಚ್ಚಿಕೊಳ್ಳುವುದನ್ನು ಕಂಡರೆ ನಿಮಗೆ ನಗು ಬಂದೀತು. ಶಾಲೆಯಲ್ಲಿ ಮಾತ್ರ ಇದು ನಗುವ ಸಂಗತಿಯಲ್ಲ. ಮೂರು ಪರೀಕ್ಷೆಗಳಲ್ಲೂ ದೀಪ ಹತ್ತದ ಮಗುವನ್ನು ತಿದ್ದುಮನೆಗೆ ಒಯ್ಯುತ್ತಾರೆ. ಅಲ್ಲಿ ಒಂದು ವರ್ಷ ಇರಿಸಿಕೊಂಡು, ಹಣೆಗೆ ಸಣ್ಣ ವಿದ್ಯುತ್ತು ಹಾಯಿಸಿ ಅಲೆಯನ್ನೇ ತಿದ್ದಿ ಕಳಿಸುತ್ತಾರೆ. ನೋವಾಗುವುದಿಲ್ಲವಂತೆ. ಹೋಗಿ ಬಂದ ಮಕ್ಕಳನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ನೆಟ್ಟಗೆ ಕೂರುತ್ತಾರೆ, ಏನನ್ನೂ ಕೇಳುವುದಿಲ್ಲ.

ನನ್ನ ಮಗಳು ದ್ಯಾಮವ್ವನಿಗೆ ಒಂಬತ್ತು ವರ್ಷ. ಹಳೆಯ ಹೆಸರು ಇಡುವುದು ಈಗ ಶೋಕಿ. ಪಾಠ ನಡೆಯುವಾಗ ಅವಳು ಕಾಲು ಆಡಿಸುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ, ಜಡೆಯ ತುದಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಮುಗಿದ ಮೇಲೆ ಕೇಳಿದರೆ ಹೇಳಿದ್ದನ್ನೆಲ್ಲ ಒಪ್ಪಿಸಿ, ಮೇಲೊಂದು ಪ್ರಶ್ನೆ ಹಾಕಿ ನಾನೇ ಪುಸ್ತಕ ತೆರೆಯುವಂತೆ ಮಾಡುತ್ತಾಳೆ. ಅವಳಂತೆ ಕೇಳುವವರನ್ನು ನಾನು ಕಂಡಿಲ್ಲ. ಆದರೆ ಎರಡು ಪರೀಕ್ಷೆಗಳಲ್ಲೂ ದೀಪ ಹತ್ತಲಿಲ್ಲ. ಮೂರನೆಯದು ನಾಳೆ.

ಇನ್ನು ನಿಮ್ಮ ವಿಷಯ. ಗಮನದೀಪಕ್ಕೆ ‘ಲಕ್ಷ್ಯ’ ಎಂದರೇನೆಂದು ಕಲಿಸಿದ್ದು ನಿಮ್ಮ ತಲೆಗಳಿಂದ. ನಾವು ನಿಮ್ಮನ್ನು ಮೂಲತಲೆಗಳು ಎನ್ನುತ್ತೇವೆ. ಪಟ್ಟಿ ಕಟ್ಟಿಕೊಂಡವರು ಮೈ ಅಲುಗಿಸಿದರೆ ಅಲೆ ಕೆಡುತ್ತದೆ. ನಿಮ್ಮದು ಎಲ್ಲಕ್ಕಿಂತ ಚೊಕ್ಕಟವಾಗಿತ್ತು, ಹಾಗಾಗಿ ಎಲ್ಲರೂ ಅದನ್ನೇ ನಕಲು ಮಾಡಿಕೊಂಡರು. ನಿಮ್ಮ ಶಿಬಿರದ ಮೂಕ ಚಿತ್ರವನ್ನು ನಾನು ವರ್ಷವರ್ಷವೂ ಮಕ್ಕಳಿಗೆ ತೋರಿಸಿ, ನೋಡಿ ಎಷ್ಟು ಚೆಂದ ಕೇಳುತ್ತಿದ್ದಾರೆ ಎನ್ನುತ್ತಿದ್ದೆ. ಈ ವರ್ಷ ಯಾರೋ ಪುಣ್ಯಾತ್ಮರು ಕಳೆದುಹೋಗಿದ್ದ ದನಿಯನ್ನು ಅದಕ್ಕೆ ಕೂಡಿಸಿ ಕಳಿಸಿದರು. ಶಿಬಿರದವರು ಒಳಗೆ ಬರುವ ಮೊದಲು ನಿಮ್ಮ ಹೆಡ್‌ಮಾಸ್ತರರ ದನಿ ಕೇಳಿಸಿತು.

“ಬೆಂಗಳೂರಿಂದ ದೊಡ್ಡ ಮಂದಿ ಬಂದಾರ. ಯಾರರ ಮಿಸುಕಾಡಿದ್ರ ಚರ್ಮಾ ಸುಲೀತೀನಿ. ಅವರಪ್ಪನ್ನೂ ಕರಸಿ ಎಲ್ಲಾರ ಮುಂದ ನಿಂದರಸ್ತೀನಿ, ತಿಳೀತಿಲ್ಲೋ?”

ಆಮೇಲೆ ಶಿಬಿರದ ಹೆಣ್ಣುಮಗಳು ಬಂದು, “ಮಕ್ಕಳೇ, ಎಲ್ಲರೂ ಆರಾಮಾಗಿದ್ದೀರಾ? ಶುರು ಮಾಡೋಣ್ವಾ?” ಎಂದು ಕೇಳಿದಳು. ನೀವೆಲ್ಲ ಒಂದೇ ಉಸಿರಿಗೆ “ಹೌದ್ರೀ ಮೇಡಂ” ಎಂದಿರಿ. ಅವಳು ನಿಮ್ಮ ಅಲೆಗಳ ಮೇಲೆ ‘ಲಕ್ಷ್ಯಗೊಟ್ಟು ಕೇಳುತ್ತಿರುವ ಮಕ್ಕಳು’ ಎಂದು ಬರೆದುಕೊಂಡಳು. ನೀವು ಕೇಳುತ್ತಿರಲಿಲ್ಲ, ಅಂಜಿ ಕೂತಿದ್ದಿರಿ! ನೂರೈವತ್ತು ವರ್ಷಗಳಿಂದ ನಾವು ಅಂಜಿಕೆಯನ್ನು ಲಕ್ಷ್ಯವೆಂದು ಪೂಜೆ ಮಾಡುತ್ತ ಬಂದಿದ್ದೇವೆ. ನನ್ನ ಮಗಳಿಗೆ ಮನೆಯಲ್ಲಿ ಯಾರೂ ಕೈ ಎತ್ತಿಲ್ಲ. ಅವಳ ದೀಪ ಹತ್ತುವುದಾದರೂ ಹೇಗೆ?

ಗಮನದೀಪಗಳ ಉಸ್ತುವಾರಿ ನೋಡುವ ದೀಪಮಂಡಳಿಗೆ ಹೋಗಿ ಆ ದನಿಯನ್ನು ಕೇಳಿಸಿದೆ. ಅಲ್ಲಿಯ ಸಾಹೇಬ ಕಣ್ಣು ಮುಚ್ಚಿ ಕೇಳಿ, “ನಿಮ್ಮ ಮಾತು ಖರೇನ ಐತ್ರಿ ಅಕ್ಕಾರ. ಆದ್ರ ಬುಡಾನ ಅಲ್ಲಾಡಿಸಿದ್ರ ಮ್ಯಾಲ ಕುಂತಾವರು ಎಲ್ಲಿಗೆ ಹೋಗಬೇಕು?” ಎಂದು ಚಹಾ ತರಿಸಿದ. ಅವನ ದೀಪ ಹಸಿರಾಗಿ ಉರಿಯುತ್ತಿತ್ತು. ಅವನು ಯಾರಿಗೆ ಅಂಜಿದ್ದನೋ ನಾನು ಕೇಳಲಿಲ್ಲ. ಚಹಾ ಮುಟ್ಟದೆ ಎದ್ದು ಬಂದೆ.

ಮನೆಯಲ್ಲಿ ನಮ್ಮತ್ತೆ ನನಗಿಂತ ಬೇಗ ಲೆಕ್ಕ ಹಾಕಿದ್ದರು. “ಸಾವಂತ್ರಿ, ನಾಳೆ ಮುಂಜಾನೆ ಒಂದ್ ಏಟ ಹಾಕಿ ಕಳಸವಾ. ದೀಪಾ ಹತ್ತತೈತಿ, ಕೂಸು ಮನ್ಯಾಗ ಉಳೀತೈತಿ” ಎಂದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅವರು ಹೇಳಿದ್ದು ತಪ್ಪಲ್ಲ ಎಂಬುದೇ ನನಗೆ ತಾಳಲಾಗದ್ದು. ಒಂದು ಏಟಿಗೆ ನನ್ನ ಮಗಳು ಉಳಿಯುತ್ತಾಳೆ. ಆಮೇಲೆ ಮುಂದಿನ ವರ್ಷ ಇನ್ನೊಂದು, ಅದರ ಮುಂದಿನ ವರ್ಷ ಮತ್ತೊಂದು. ಕೊನೆಗೆ ನಾನು ಬಾಗಿಲಲ್ಲಿ ಕಾಣಿಸಿಕೊಂಡರೇ ಅವಳ ದೀಪ ಹತ್ತುತ್ತದೆ.

ಮೊದಲು ನಿಮ್ಮ ಮೇಲೂ ಸಿಟ್ಟು ಬಂದಿತ್ತು. ಅಷ್ಟು ಮಕ್ಕಳಲ್ಲಿ ಒಬ್ಬರಿಗೂ ಬಾಯಿ ಇರಲಿಲ್ಲವೇ ಎಂದು ಬೈದೆ. ಚಿತ್ರವನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿದಾಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಚುತ್ತಿರುವುದು ಕಂಡಿತು. ಬೈದದ್ದಕ್ಕೆ ನಾಚಿಕೆಯಾಯಿತು. ಅಂಜಬೇಡಿ ಎಂದು ನಿಮಗೆ ಹೇಳುವುದಿಲ್ಲ. ಅಂಜಿಕೆ ಹೇಳಿ ಕೇಳಿ ಬರುವಂಥದ್ದಲ್ಲ.

ಕೇಳುವುದು ಇಷ್ಟೇ. ಶನಿವಾರ ಆ ಹೆಣ್ಣುಮಗಳು ಆರಾಮಾಗಿದ್ದೀರಾ ಎಂದು ಕೇಳಿದಾಗ ನಿಮ್ಮಲ್ಲಿ ಒಬ್ಬರು, ಒಬ್ಬರೇ ಸಾಕು, ಎದ್ದು ನಿಂತು “ಇಲ್ರೀ ಮೇಡಂ, ಅಂಜಿಕಿ ಆಗೈತ್ರಿ” ಎನ್ನಿ. ಅವಳು ಕೆಟ್ಟವಳಂತೆ ಕಾಣಲಿಲ್ಲ, ಅದನ್ನೇ ಬರೆದುಕೊಂಡಾಳು. ಆಗ ಮುಂದೆ ಯಾವ ದೀಪವೂ ಅಂಜಿಕೆಯನ್ನು ಲಕ್ಷ್ಯವೆಂದು ಕಲಿಯಲಾರದು. ಏಟು ಬೀಳಬಹುದು. ಬೀಳುತ್ತದೆ ಎಂದೇ ಇಟ್ಟುಕೊಳ್ಳಿ, ನಿಮಗೆ ಸುಳ್ಳು ಹೇಳಿ ಎಬ್ಬಿಸಲಾರೆ.

ನಾಳೆ ಮುಂಜಾನೆ ದ್ಯಾಮವ್ವನಿಗೆ ತಲೆ ಬಾಚಿ, ರೊಟ್ಟಿ ಕಟ್ಟಿಕೊಟ್ಟು ಕಳಿಸುತ್ತೇನೆ. ನಾನು ಅವಳ ಮೇಲೆ ಕೈ ಎತ್ತುವುದಿಲ್ಲ. ಸಂಜೆ ಅವಳು ಮನೆಗೆ ಬರುವುದೂ ಬಾರದಿರುವುದೂ ಈಗ ನಿಮ್ಮ ಬಾಯಲ್ಲಿದೆ.

ಸಾವಂತ್ರಿ ಹೂಗಾರ