ಅಪ್ಪನ ಮೆಷಿನ್‌ನಲ್ಲಿ ಜೋಳದ ಪ್ಲಾಸ್ಟಿಕ್

ಮಂಗಳವಾರ, ಅಕ್ಟೋಬರ್ ೧೪

ಬೆಳಿಗ್ಗೆ ಅಪ್ಪನ ಫೋನು ಬಂತು. ಪ್ಲಾಸ್ಟಿಕ್ ಕವರ್ ಮಾಡುವ ಅವರ ಮೆಷಿನ್‌ಗೆ ಈ ಸಲ ಮೆಕ್ಕೆಜೋಳದಿಂದ ಮಾಡಿದ ಪ್ಲಾಸ್ಟಿಕ್ ಕಾಳು ಹಾಕಿದ್ದಾರೆ, ಅದು ಮಣ್ಣಲ್ಲಿ ಕರಗುತ್ತದೆ ಎಂಬ ನನ್ನ ಮಾತು ನಂಬಿ.

"ಕವರ್ ಮುಟ್ಟಿದ್ರೆ ಒಣಗಿದೆಲೆ ಥರ ಪುಡಿ ಆಗ್ತಿದೆ ಕಣಮ್ಮ. ನಮ್ಮನೆ ಸೈಂಟಿಸ್ಟ್ ಏನಂತಾರೆ?"

"ಕೇಳಿ ಹೇಳ್ತೀನಪ್ಪ" ಎಂದೆ.

ಕಾಲೇಜಿನ ಕೆಮಿಸ್ಟ್ರಿ ಕ್ಲಾಸಿನಲ್ಲಿ, ಆ ಪ್ಲಾಸ್ಟಿಕ್‌ನ ಅಣುಗಳನ್ನು ಹಿಡಿದಿಡುವ ಎಸ್ಟರ್ ಬಾಂಡ್ ಅನ್ನು ನಾನು ಬೋರ್ಡಿನ ಮೇಲೆ ಸರಿಯಾಗಿ ಬಿಡಿಸಿದೆ. ವೆರಿ ಗುಡ್ ಎಂದ ಲೆಕ್ಚರರ್, ಮೆಷಿನ್ ವಿಷಯ ಕೇಳಿದ್ದಕ್ಕೆ, "ಅದು ಥರ್ಡ್ ಇಯರ್ ಪೋರ್ಷನ್, ಈಗ್ಯಾಕಮ್ಮ" ಎಂದು ನಕ್ಕರು. ನೆಟ್‌ನಲ್ಲಿ ಹುಡುಕಿದೆ. ಕಾಳಿಗೆ ತೇವ ತಗುಲಿದರೆ ಹಾಗಾಗುತ್ತದಂತೆ, ಮೊದಲೇ ಒಣಗಿಸಲು ಬೇರೆ ಯಂತ್ರ ಬೇಕಂತೆ. ಅಪ್ಪನ ಶೆಡ್‌ನಲ್ಲಿ ಅದೆಲ್ಲಿದೆ?

ಈಗ ಅವರ ಮೆಸೇಜ್: "ಮೆಷಿನ್ ಆಫ್ ಮಾಡಿದೀನಿ. ನೀನು ಹೇಳಿದ್ಮೇಲೇ ಆನ್ ಮಾಡೋದು."

ಟೈಪ್ ಮಾಡುತ್ತೇನೆ, ಅಳಿಸುತ್ತೇನೆ. 'ಅಪ್ಪ' ಎನ್ನುವುದೊಂದು ಉಳಿಯುತ್ತದೆ, ಅದರ ಮುಂದೆ ಬರೀ ಕರ್ಸರ್ ಮಿಣುಕುತ್ತಿದೆ.