ಅತ್ತೆಯ ಪಾಲಿನ ಗುಳಿಗೆ

ಶಲವಡಿ
12 ಆಗಸ್ಟ್ 2025, ನಸುಕಿನ ಮೂರು ಗಂಟೆ

ಕೂಸಿನ ಅಪ್ಪನವರಿಗೆ ನಮಸ್ಕಾರ.

ರಾತ್ರಿ ಎರಡು ಹತ್ತಕ್ಕೆ ಬಚ್ಚಲದ ತಾಮ್ರದ ಹಂಡೆಗೆ ಏನೋ ಬಡಿದ ಸದ್ದಿಗೆ ಎಚ್ಚರವಾಯಿತು. ಬಡಿದದ್ದು ತಲೆ ಸುತ್ತಿ ಬಿದ್ದ ನಿಮ್ಮ ಅಪ್ಪ. ಹದಿನೈದು ದಿನದಿಂದ ಸುದ್ದಿ ತಿಳಿಸಿಲ್ಲ, ಕ್ಷಮಿಸಿ, ಕೂಸು ಮಲಗಗೊಡುವುದಿಲ್ಲ. ಯಾದಗಿರಿಯಲ್ಲಿ ನೀವು ಹತ್ತಕ್ಕೇ ಫೋನ್ ಬಂದ್ ಮಾಡಿ ಸುಖವಾಗಿ ಮಲಗಿದ್ದೀರಿ. ಆರು ಸಲ ಹಚ್ಚಿ ಸಾಕಾಗಿ ಇದನ್ನು ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಾಲ್ಕೂವರೆಗೆ ಯೋಗಾಸನಕ್ಕೆ ಏಳುತ್ತೀರಲ್ಲ, ಆಸನಕ್ಕೆ ಮೊದಲು ಓದಿ.

ಗಾಬರಿಯಾಗಬೇಡಿ, ಆಗುವವರೂ ಅಲ್ಲ ನೀವು. ಮಾವನವರ ಭುಜ ತರಚಿದೆ. ಮನೆಯ ಮಶೀನಿನಲ್ಲಿ ನೋಡಿದರೆ ಮೇಲಿನ ಬಿ.ಪಿ. ಎಂಬತ್ತೆಂಟಕ್ಕೆ ಇಳಿದಿತ್ತು, ಕಾಲ ಕೆಳಗೆ ದಿಂಬಿಟ್ಟು ಮಲಗಿಸಿದ ಮೇಲೆ ನೂರಕ್ಕೆ ಬಂತು. "ಹಂಡೇಕ ತಗ್ಗ ಬಿತ್ತೇನ ನೋಡವ್ವ" ಎಂದು ನಗುತ್ತಾರೆ.

ಕಾರಣ ಕೇಳಿ. ನಿಮ್ಮ ಅವ್ವ ಕೂಸಿನ ಸಲುವಾಗಿ ಹನ್ನೊಂದು ದಿನದ ಉಪವಾಸ ಹಿಡಿದಿದ್ದಾರೆ. ಮಧ್ಯಾಹ್ನದವರೆಗೆ ನೀರೂ ಇಲ್ಲ, ಬಿ.ಪಿ. ಗುಳಿಗೆಯೂ ಇಲ್ಲ. ಆದರೆ ಡಾಕ್ಟರು "ಮುಂಜಾನಿ ಗುಳಿಗಿ ಒಂದಿನಾನೂ ತಪ್ಪಿಸಬ್ಯಾಡ್ರಿ" ಅಂದಿದ್ದಾರಲ್ಲ! ಅದನ್ನೂ ಮೀರಬಾರದು. ಅದಕ್ಕೇ ನಾಲ್ಕು ದಿನದಿಂದ ತಮ್ಮ ಗುಳಿಗೆಯನ್ನು ಗಂಡನಿಗೆ ನುಂಗಿಸುತ್ತಿದ್ದಾರೆ, ಗಂಡನ ಸ್ವಂತ ಬಿ.ಪಿ. ಗುಳಿಗೆಯ ಜೊತೆಗೆ.

"ಗಂಡ ಹೆಂಡ್ತಿ ಅಂದ್ರ ಒಂದ ಜೀವ. ಅವರ ಹೊಟ್ಟ್ಯಾಗ ಹೋದ್ರ ನನಗ ಮುಟ್ಟಿದಂಗ," ಎಂದರು.

"ಹಂಗಾರ ಅವರು ಉಂಡ್ರ ನಿಮ್ಮ ಉಪವಾಸ ಮುರೀಲಿಲ್ಲೇನ್ರಿ ಅತ್ತಿ?"

"ಬಿಎಸ್ಸಿ ಓದಿದ ಬಾಯಿ, ಕೇಳಬೇಕ?"

ಮಾವನವರದು ಇನ್ನೊಂದು ಬಗೆ. "ಆಕೀ ವ್ರತ ನನ್ನಿಂದ ಕೆಡಬಾರದವ್ವ."

ಆರೋಗ್ಯ ಕೇಂದ್ರದ ನಿಲೋಫರ್ ಸಿಸ್ಟರ್ ನಿದ್ದೆಗಣ್ಣಿನಲ್ಲೂ ಫೋನ್ ಎತ್ತಿದರು. ಅವರು ನಮಗೆ ಬಳಗವೂ ಅಲ್ಲ. "ಎರಡು ಥರದ ಬಿ.ಪಿ. ಗುಳಿಗಿ ಕೂಡಿ ತಗೊಳ್ಳೋರು ಭಾಳ ಮಂದಿ ಅದಾರ್ರಿ. ಆದ್ರ ಅವರವರ ಮೈ ನೋಡಿ ಡಾಕ್ಟರು ಬರಕೊಟ್ಟಿರಬೇಕು. ಒಬ್ಬರದು ಒಬ್ಬರು ನುಂಗೂದಲ್ಲ. ಮುಂಜಾನೆ ಗುಳಿಗಿ ಕೊಡಬ್ಯಾಡ್ರಿ, ಸೀದಾ ಆಸ್ಪತ್ರಿಗಿ ಕರಕೊಂಡು ಬರ್ರಿ," ಎಂದರು. ಮಹಬೂಬಸಾಬನಿಗೆ ಆರು ಗಂಟೆಗೆ ಗಾಡಿ ತರಲು ಹೇಳಿದ್ದೇನೆ.

ಆದರೆ ಐದಕ್ಕೆ ಮಾವನವರ ಲಿಂಗಪೂಜೆ ಮುಗಿದ ಕೂಡಲೇ ಅತ್ತೆ ಎರಡನ್ನೂ ಕೊಡುತ್ತಾರೆ. ಗುಳಿಗೆಗಳು ಅವರ ಸೊಂಟದ ಸಂಚಿಯಲ್ಲಿವೆ. "ನನ್ನ ಮಗ ಹೇಳಲಿ, ಬಿಡ್ತೀನಿ" ಅಂದಿದ್ದಾರೆ. ಮಗ ಎಂಟನೆಯ ತರಗತಿಗೆ ರಕ್ತಪರಿಚಲನೆಯ ಪಾಠ ಹೇಳುವ ಮಾಸ್ತರರು! ಬಣ್ಣದ ಸೀಮೆಸುಣ್ಣದಲ್ಲಿ ಹೃದಯ ಬಿಡಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅವ್ವನ ಮುಂದೆ ಮಾತ್ರ ಒಂದಕ್ಷರ ಹೊರಡುವುದಿಲ್ಲ.

ಕೂಸು ಆರಾಮಿದೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಬಾಯಿಯನ್ನೂ ಕೊಡಲಿ.

ನಿಮ್ಮ
ಅನ್ನಪೂರ್ಣಾ

ತಾ.ಕ.: ಇದು ನಮ್ಮ ಎರಡನೆಯ ಕೂಸು ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಮೊದಲನೆಯದು ಹೊಟ್ಟೆಯಲ್ಲಿ ಏಳು ತಿಂಗಳದ್ದಿದ್ದಾಗ ನನಗೂ ಬಿ.ಪಿ.ಗೆ ಎರಡು ಥರದ ಗುಳಿಗೆ ಬರೆದುಕೊಟ್ಟಿದ್ದರು. "ಎರಡೆರಡು ಉಷ್ಣ ಆಗ್ತಾವ, ಒಂದ ಸಾಕು" ಎಂದು ಅತ್ತೆ ಒಂದನ್ನು ಎತ್ತಿಟ್ಟರು. ನಿಮ್ಮನ್ನು ಕೇಳಿದೆ. "ಅವ್ವ ಅಂದಂಗ ಮಾಡು" ಎಂದಿರಿ. ಮಾಡಿದೆ. ಅದನ್ನು ನುಂಗಿದ್ದರೆ ಕೂಸು ಉಳಿಯುತ್ತಿತ್ತೋ ಏನೋ, ಡಾಕ್ಟರೂ ಹೇಳಲಿಲ್ಲ. ಓದಿದವಳಾಗಿ ಸುಮ್ಮನಿದ್ದ ಪಾಪ ನನ್ನದೂ.

ಮಾವ ಆಗಲೇ ಪೂಜೆಗೆ ನೀರು ಕೇಳುತ್ತಿದ್ದಾರೆ. ಬೈದದ್ದನ್ನೆಲ್ಲ ಮರೆತುಬಿಡಿ. ಕೈಮುಗಿಯುತ್ತೇನೆ, ಐದು ಹೊಡೆಯುವುದರೊಳಗೆ ಒಂದು ಫೋನ್ ಮಾಡ್ರಿ. ನಿಮ್ಮ ಅವ್ವನಿಗೇ ಮಾಡ್ರಿ.